ಮಧುಗಿರಿ ಸೀಮೆಯ ಯಜಮಾನಾಭಾವ ಸಂಗ್ರಹ

ಲೋಕದಲ್ಲಿರುವುದನ್ನೆಲ್ಲ ವೈಶೇಷಿಕರು ಏಳು ಪದಾರ್ಥಗಳೊಳಗೆ ತುಂಬಿಟ್ಟರು. ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂದು ಆರನ್ನು ಎಣಿಸಿ ಮುಗಿಸಿದ ಮೇಲೆ, ಏನೋ ಬಿಟ್ಟುಹೋಯಿತೆಂಬಂತೆ, ಏಳನೆಯದಾಗಿ ಅಭಾವವನ್ನು ಸೇರಿಸಿದರು. ಇಲ್ಲದಿರುವುದೂ ಒಂದು ಪದಾರ್ಥ ಹೇಗಾದೀತು ಎಂದು ಓದುವ ಕಾಲದಲ್ಲಿ ನಾನು ನಗುತ್ತಿದ್ದೆ. ಆ ನಗು ನಿಂತದ್ದು ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ. ಕೆಲಸ ಬಿಟ್ಟು ಮೂರು ತಿಂಗಳಾದರೂ ಕೊನೆಯ ತಿಂಗಳ ಸಂಬಳ ಕೈಸೇರದ ಹುಡುಗನೊಬ್ಬ ಪಕ್ಕದಲ್ಲಿ ಕೂತಿದ್ದ. ‘ನಿಮ್ಮ ಓನರ್ ಯಾರಪ್ಪಾ, ಹೋಗಿ ಕೇಳಬಾರದಾ?’ ಎಂದೆ. ‘ಅದೇ ಗೊತ್ತಾಗ್ತಿಲ್ಲ ಸಾರ್. ಇದಾರೆ, ಆದ್ರೆ ಇಲ್ಲ’ ಎಂದ. ತರ್ಕಶಾಸ್ತ್ರದ ಪುಟ ತಿರುವದ ಹುಡುಗ ಏಳನೆಯ ಪದಾರ್ಥದ ಲಕ್ಷಣ ಹೇಳಿ, ಕೊರಟಗೆರೆ ಬಸ್ಸು ಬಂತೆಂದು ಎದ್ದು ಹೋದ.

ಅಲ್ಲಿಂದ ಹುಟ್ಟಿದ್ದು ಈ ಸಂಗ್ರಹ. ಇದರ ವ್ಯಾಪ್ತಿ ಮಧುಗಿರಿ ಉಪವಿಭಾಗ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕು. ಕಡ್ಲೆಕಾಯಿ, ಹುಣಸೆಹಣ್ಣು, ಕುರಿ, ಇವು ಇಲ್ಲಿಂದ ಹೊರಗೆ ಹೋಗುವ ಸರಕು. ಇವಕ್ಕಿಂತ ಹೆಚ್ಚು ಹೋಗುವುದು ಜನ. ಕೋಳಿ ಕೂಗುವ ಮುಂಚೆ ಎದ್ದು, ಬುತ್ತಿ ಕಟ್ಟಿಕೊಂಡು, ವ್ಯಾನು ಬಸ್ಸು ತುಂಬಿ ವಸಂತನರಸಾಪುರ, ಗೌರಿಬಿದನೂರು, ದೊಡ್ಡಬಳ್ಳಾಪುರ, ಪೀಣ್ಯದ ಕಾರ್ಖಾನೆಗಳಿಗೆ ಚದುರುವ ಜನ. ಇವರ ದುಡಿಮೆ ಪ್ರತ್ಯಕ್ಷ, ವಿವಾದವಿಲ್ಲ. ಇವರ ಯಜಮಾನ ಯಾರು ಎಂಬಲ್ಲಿ ಮಾತ್ರ ಪೂರ್ವಪಕ್ಷ, ಸಿದ್ಧಾಂತ ಎಲ್ಲ ಬೇಕಾಗುತ್ತವೆ.

ಶಬ್ದವಿಚಾರ

‘ಯಜಮಾನ’ ಎಂಬುದು ಸಂಸ್ಕೃತದಲ್ಲಿ ಆತ್ಮನೇಪದದ ರೂಪ. ಯಜ್ಞದಲ್ಲಿ ತುಪ್ಪ ಸುರಿಯುವವರು, ಹೊಗೆ ಕುಡಿಯುವವರು, ಗಂಟಲು ಒಣಗುವ ತನಕ ಮಂತ್ರ ಹೇಳುವವರು ಋತ್ವಿಜರು. ಅವರ ಪಾಲಿಗೆ ಕ್ರಿಯಾಪದ ‘ಯಜತಿ’, ಪರಸ್ಮೈಪದ, ಅಂದರೆ ಫಲ ಬೇರೆಯವರಿಗೆ. ಪಕ್ಕದಲ್ಲಿ ಕೂತ ಯಜಮಾನನಿಗೆ ‘ಯಜತೇ’, ಫಲ ತನಗೇ. ಬ್ಯಾಲೆನ್ಸ್ ಶೀಟು ಹುಟ್ಟುವುದಕ್ಕೆ ಎರಡು ಸಾವಿರ ವರ್ಷ ಮೊದಲೇ ವೈಯಾಕರಣರು ಲಾಭದ ಲೆಕ್ಕವನ್ನು ಧಾತುವಿನ ಪ್ರತ್ಯಯದಲ್ಲಿ ಬರೆದಿಟ್ಟಿದ್ದರು. ಆದರೂ ಹಳೆಯ ಯಜಮಾನನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. ಆತ ಹೆಂಡತಿ ಸಮೇತ ಹೋಮಕುಂಡದ ಎದುರು ಕೂತಿರಬೇಕಿತ್ತು, ಹೊಗೆ ಅವನ ಕಣ್ಣಿಗೂ ಹೋಗುತ್ತಿತ್ತು, ದಕ್ಷಿಣೆ ಕೊಡದೆ ಏಳುವಂತಿರಲಿಲ್ಲ.

ನಮ್ಮ ಕಡೆ ಇದಕ್ಕೆ ಪರ್ಯಾಯಪದಗಳು ಧಣಿ, ಸಾವ್ಕಾರ, ಓನರ್. ಈಚೆಗೆ ಇವೆಲ್ಲ ಹಿಂದೆ ಸರಿದು ‘ಕಂಪ್ನಿಯೋರು’ ಎಂಬ ಒಂದೇ ಪದ ಉಳಿದಿದೆ. ಇದು ನಿತ್ಯಬಹುವಚನ. ಏಕವಚನದಲ್ಲಿ ಯಾರೂ ಕಂಡದ್ದಿಲ್ಲ.

ಇತಿಹಾಸವಿಚಾರ

ಅಭಾವವನ್ನು ಮಾರುವ ವಿದ್ಯೆ ಈ ಸೀಮೆಗೆ ಹೊಸದೇನೂ ಅಲ್ಲ. 1687ರಲ್ಲಿ ಮೊಗಲರು ಶಿರಾವನ್ನು ಸುಬಾದ ರಾಜಧಾನಿ ಮಾಡಿಕೊಂಡರು. ಸುಬೇದಾರ ಪಾಳೆಯಗಾರನಿಂದ ಎತ್ತಿದ, ಪಾಳೆಯಗಾರ ಊರಗೌಡನಿಂದ ಎತ್ತಿದ, ಗೌಡ ರೈತನಿಂದ ಎತ್ತಿದ. ದುಡ್ಡು ಮೆಟ್ಟಿಲು ಹತ್ತುವಾಗ ಹೊಣೆ ಅದೇ ಮೆಟ್ಟಿಲು ಇಳಿಯುವುದನ್ನು ಶಿರಾ ಆಗಲೇ ನೋಡಿತ್ತು. 1757ರಲ್ಲಿ ಊರು ಮರಾಠರ ಪಾಲಾಯಿತು. 1761ರಲ್ಲಿ ಬಸಾಲತ್ ಜಂಗ್ ಎಂಬ ನಿಜಾಮನ ಮನೆಯ ಸರದಾರ, ಶಿರಾ ಇನ್ನೂ ಮರಾಠರ ಕೈಯಲ್ಲಿದ್ದಾಗಲೇ, ‘ಶಿರಾದ ನವಾಬ’ ಎಂಬ ಪದವಿಯನ್ನು ಮೂರು ಲಕ್ಷ ರೂಪಾಯಿಗೆ ಹೈದರಾಲಿಗೆ ಕೊಟ್ಟ. ತನ್ನದಲ್ಲದ್ದನ್ನು ಕಮಿಷನ್ ಪಡೆದು ಇನ್ನೊಬ್ಬನಿಗೆ ದಾಟಿಸಿದ ಈ ಬಸಾಲತ್ ಜಂಗನೇ ಇಂದಿನ ಮ್ಯಾನ್‌ಪವರ್ ಏಜೆನ್ಸಿಗಳ ಕೂಟಸ್ಥ ಪುರುಷ ಎಂಬುದು ನನ್ನ ಪಕ್ಷ. ಹೈದರ್ ಅದೇ ವರ್ಷ ದಂಡು ಕಟ್ಟಿಕೊಂಡು ಬಂದು ಪದವಿಗೆ ತಕ್ಕ ಊರನ್ನೂ ಹಿಡಿದ. ಬಾಕಿ ಸಂಬಳದ ಹುಡುಗರಿಗೆ ಆ ಅನುಕೂಲ ಇಲ್ಲ.

ಪ್ರಾಗಭಾವ

ಅಭಾವ ನಾಲ್ಕು ಬಗೆ. ಕುಂಬಾರ ಮಾಡುವ ಮೊದಲು ಗಡಿಗೆ ಮಣ್ಣಿನಲ್ಲಿಲ್ಲ, ಇದು ಪ್ರಾಗಭಾವ. ಇದಕ್ಕೆ ಆದಿಯಿಲ್ಲ, ಅಂತ್ಯವುಂಟು ಎಂದು ಶಾಸ್ತ್ರ. ನಮ್ಮಲ್ಲಿ ಇದರ ಉದಾಹರಣೆ ‘ಬರಲಿರುವ ಕಂಪನಿ’. ಮೊದಲು ಬೋರ್ಡು ಬರುತ್ತದೆ, ಆಮೇಲೆ ಕಾಂಪೌಂಡು, ಆಮೇಲೆ ಕಾಂಪೌಂಡಿನೊಳಗೆ ಜಾಲಿ. ಇಲ್ಲಿ ಅಂತ್ಯವೂ ಇರುತ್ತದೆಂದು ಶಾಸ್ತ್ರಕಾರರು ಯಾವ ಧೈರ್ಯದ ಮೇಲೆ ಬರೆದರೋ.

ಇದರದೇ ಒಂದು ಉಪಜಾತಿ ಟ್ರೈನಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂಬಾತ ಕಲಿಯುವವನು, ಕಾರ್ಮಿಕನಲ್ಲ. ನಿಜವಾಗಿ ಕಲಿಸುವ ಕಡೆ ಇದು ಸರಿಯಾದ ಮಾತೇ. ಆದರೆ ಎರಡು ವರ್ಷ ಅದೇ ಮೆಷಿನ್ ಮುಂದೆ ಅದೇ ಗುಂಡಿ ಒತ್ತಿದ ಹುಡುಗಿಯನ್ನೂ ಟ್ರೈನಿ ಎನ್ನುವುದು, ಗಡಿಗೆಯಲ್ಲಿ ನೀರು ತುಂಬಿಸಿ ತಲೆಯ ಮೇಲೆ ಹೊತ್ತು ತರುತ್ತಿರುವಾಗಲೂ ‘ಇದಿನ್ನೂ ಮಣ್ಣು’ ಎಂದು ವಾದಿಸಿದ ಹಾಗೆ.

ಅನ್ಯೋನ್ಯಾಭಾವ

ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ. ಒಂದು ಇನ್ನೊಂದಲ್ಲದಿರುವುದು ಅನ್ಯೋನ್ಯಾಭಾವ. ಈ ಪ್ರಕರಣ ದೊಡ್ಡದು, ಏಕೆಂದರೆ ಆಧುನಿಕ ವಾಣಿಜ್ಯವೆಲ್ಲ ಇದರ ಮೇಲೇ ನಿಂತಿದೆ.

ಮೂಲ ಸೂತ್ರ ಲಂಡನ್ನಿನದು. ಆರನ್ ಸಾಲೊಮನ್ ಎಂಬ ಬೂಟು ತಯಾರಕನಿದ್ದ. ತನ್ನ ವ್ಯಾಪಾರವನ್ನು ತಾನೇ ಕಟ್ಟಿದ ಕಂಪನಿಗೆ ಮಾರಿದ. ಷೇರುದಾರರು ಏಳು ಜನ: ಆತ, ಹೆಂಡತಿ, ಐದು ಮಕ್ಕಳು. 20,007 ಷೇರುಗಳಲ್ಲಿ 20,001 ಅವನವೇ. ಕಂಪನಿ ಮುಳುಗಿದಾಗ ಸಾಲ ಕೊಟ್ಟವರು ಸಾಲೊಮನ್‌ನ ಕೊರಳಪಟ್ಟಿ ಹಿಡಿದರು. 1897ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು: ಸಾಲೊಮನ್ ಬೇರೆ, ಸಾಲೊಮನ್ ಕಂಪನಿ ಬೇರೆ. ಬೂಟಿಗೂ ಕಾಲಿಗೂ ಸಂಬಂಧವಿಲ್ಲ ಎಂದು ಒಬ್ಬ ಬೂಟು ತಯಾರಕನ ಮೊಕದ್ದಮೆಯಲ್ಲೇ ಇತ್ಯರ್ಥವಾದದ್ದು ರಸಿಕರು ಗಮನಿಸಬೇಕಾದ ಅಂಶ. ಈ ತೀರ್ಪನ್ನು ಪೂರ್ತಿ ಹಳಿಯುವುದೂ ಸಲ್ಲದು. ಸೋತರೆ ಮನೆ ಮಠ ಹೋಗುವುದಾದರೆ ಹೊಸ ಕಸುಬಿಗೆ ಯಾರೂ ಕೈ ಹಾಕುವುದಿಲ್ಲ. ಸಾಲ ಕೊಟ್ಟವನಿಗೆ ಹೇಳಿದ ಆ ಮಾತು ಕೂಲಿಗಾರನಿಗೂ ಅನ್ವಯಿಸಿದ್ದೇ ಇಲ್ಲಿಯ ತಕರಾರು.

ಇದು ನಮ್ಮ ಸೀಮೆಯಲ್ಲಿ ಹೇಗೆ ಹಬ್ಬಿದೆ ಎಂದು ನೋಡಲು ಪಾವಗಡ ತಾಲ್ಲೂಕಿನ ತಿರುಮಣಿಗೆ ಹೋಗಬೇಕು. ತಿರುಮಣಿ, ವಳ್ಳೂರು, ಬಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೌರ ಫಲಕಗಳ ಕೆರೆ ಇದೆ. 2018ರ ಮಾರ್ಚ್ 1ರಂದು ಉದ್ಘಾಟನೆ, 2019ರ ಕೊನೆಗೆ 2,050 ಮೆಗಾವಾಟ್. ಇದರ ವಂಶವೃಕ್ಷ ಬಿಡಿಸೋಣ. ನೆಲ ರೈತನದು. ಅದನ್ನು ಗುತ್ತಿಗೆ ಹಿಡಿದದ್ದು ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್. ಅದು 2015ರಲ್ಲಿ ರಾಜ್ಯದ ಒಂದು ನಿಗಮಕ್ಕೂ ಕೇಂದ್ರದ ಒಂದು ನಿಗಮಕ್ಕೂ ಹುಟ್ಟಿದ ಕೂಸು. ಅದರಿಂದ ತುಂಡು ತುಂಡಾಗಿ ಜಾಗ ಪಡೆದವರು ವಿದ್ಯುತ್ ಕಂಪನಿಗಳು. ಇಂಥ ಕಂಪನಿಗಳು ಯೋಜನೆಗೊಂದರಂತೆ ಬೇರೆ ಕಂಪನಿ ಹೆರುವುದು ಈ ವ್ಯಾಪಾರದ ರೂಢಿ. ಹೆತ್ತ ಕಂಪನಿ ನಿರ್ವಹಣೆಯನ್ನು ಇನ್ನೊಬ್ಬರಿಗೆ ವಹಿಸುತ್ತದೆ, ಅವರು ಆಳುಗಳನ್ನು ಪೂರೈಸುವ ಏಜೆನ್ಸಿಗೆ, ಏಜೆನ್ಸಿಯವರು ಊರಿನ ಒಬ್ಬ ಮೇಸ್ತ್ರಿಗೆ. ಮೇಸ್ತ್ರಿಯ ಕೆಳಗೆ, ಕೊನೆಯಲ್ಲಿ, ಫಲಕ ತೊಳೆಯುವವನು, ಹುಲ್ಲು ಕೀಳುವವಳು, ರಾತ್ರಿ ಲಾಠಿ ಹಿಡಿದು ಕಾಯುವವನು. ಗಡಿಗೆ ಬಟ್ಟೆಯಲ್ಲ, ಬಟ್ಟೆ ಚಾಪೆಯಲ್ಲ, ಚಾಪೆ ಮಂಚವಲ್ಲ. ಕಾವಲುಗಾರ ಕಾಯುವ ಗೇಟಿನ ಮೇಲೊಂದು ಹೆಸರು, ಅವನ ಅಂಗಿಯ ಮೇಲೊಂದು ಹೆಸರು, ಸಂಬಳ ಜಮೆಯಾಗುವ ಖಾತೆಯಲ್ಲಿ ಮೂರನೆಯ ಹೆಸರು ಇರುವುದು ನಮ್ಮ ದೇಶದ ಯಾವ ಗೇಟಿನಲ್ಲೂ ಕಾಣುವ ದೃಶ್ಯ. ಇಲ್ಲಿಯದೇ ದೋಷವೆಂದು ಯಾರೂ ತಿಳಿಯಬಾರದು.

ಕೋಲಾರದ ನರಸಾಪುರದಲ್ಲಿ ಈ ಸಿದ್ಧಾಂತ ಒಮ್ಮೆ ಬಯಲಿಗೆ ಬಿತ್ತು. ಫೋನು ಅಮೆರಿಕದ ಆಪಲ್‌ನದು, ಜೋಡಿಸುವ ಕಾರ್ಖಾನೆ ಆಗ ತೈವಾನಿನ ವಿಸ್ಟ್ರಾನ್‌ನದು, ಜೋಡಿಸುವ ಕೈಗಳಲ್ಲಿ ಬಹುಪಾಲು ನೇಮಕಾತಿ ಏಜೆನ್ಸಿಗಳ ಲೆಕ್ಕದಲ್ಲಿ. ಹಾಜರಿಯ ಲೆಕ್ಕ ಕೆಟ್ಟು, ಸಂಬಳ ಬಾಕಿಬಿದ್ದು, ಬಂದದ್ದೂ ಹೇಳಿದ್ದಕ್ಕಿಂತ ಕಡಿಮೆಯಾಗಿ, 2020ರ ಡಿಸೆಂಬರ್ 12ರ ಬೆಳಗ್ಗೆ ಗಾಜು ಒಡೆದವು. ಒಡೆದದ್ದು ತಪ್ಪು, ನೂರಕ್ಕೂ ಹೆಚ್ಚು ಹುಡುಗರು ಬಂಧಿತರಾದರು. ಆದರೆ ಗಾಜು ಒಡೆದ ವಾರದಲ್ಲೇ ಯಜಮಾನರು ಒಬ್ಬೊಬ್ಬರಾಗಿ ಮಂಜಿನಿಂದ ಹೊರಬಂದದ್ದನ್ನೂ ದಾಖಲಿಸಬೇಕು. ವಿಸ್ಟ್ರಾನ್ ತನ್ನ ಉಪಾಧ್ಯಕ್ಷನನ್ನು ತೆಗೆದು ಕ್ಷಮೆ ಕೇಳಿತು. ತಪ್ಪು ಸರಿಪಡಿಸುವ ತನಕ ಹೊಸ ಕೆಲಸ ಕೊಡುವುದಿಲ್ಲ ಎಂದು ಆಪಲ್ ಹೇಳಿತು. ಅಲ್ಲಿಯವರೆಗೆ ಬಟ್ಟೆಯಾಗಿದ್ದದ್ದು ತಾನು ಗಡಿಗೆಯೂ ಹೌದೆಂದು ತಾನಾಗಿ ಒಪ್ಪಿಕೊಂಡ ಅಪರೂಪದ ಸಂದರ್ಭ ಅದು.

ಇಲ್ಲಿಗೆ ಸಂಖ್ಯಾಶಾಸ್ತ್ರದ ಒಂದು ಉಪಪ್ರಕರಣ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಇಪ್ಪತ್ತು ಮತ್ತು ಹೆಚ್ಚು ಆಳುಗಳಿದ್ದಲ್ಲಿ ಅನ್ವಯಿಸುತ್ತಿತ್ತು. ಆದ್ದರಿಂದ ಗುತ್ತಿಗೆದಾರರಿಗೆ ಹತ್ತೊಂಬತ್ತು ಎಂಬುದು ಮಂಗಳ ಸಂಖ್ಯೆಯಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಇಪ್ಪತ್ತನ್ನು ಐವತ್ತು ಮಾಡಿದೆ. ಮಂಗಳ ಸಂಖ್ಯೆ ನಲವತ್ತೊಂಬತ್ತಕ್ಕೆ ಬಡ್ತಿ ಪಡೆಯಿತು.

ಪ್ರಧ್ವಂಸಾಭಾವ

ಗಡಿಗೆ ಒಡೆದ ಮೇಲಿನ ಇಲ್ಲದಿರುವಿಕೆ ಪ್ರಧ್ವಂಸ. ಆದಿಯುಂಟು, ಅಂತ್ಯವಿಲ್ಲ. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆ ಹಾಗೆ ಹೋಯಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು; ತುಮಕೂರಿನ ಜಾಗ ಇಸ್ರೋಗೆ ಸೇರಿತು. ಅಲ್ಲಿ ದುಡಿದವರಿಗೆ ಬೇಸರ ಎಷ್ಟಿದ್ದರೂ, ಯಾರು ಮುಚ್ಚಿದರು, ಯಾರ ಬಾಗಿಲು ತಟ್ಟಬೇಕು ಎಂಬ ಗೊಂದಲ ಇರಲಿಲ್ಲ. ಸ್ವಯಂನಿವೃತ್ತಿಯ ಹಣಕ್ಕೆ 2007ರ ವೇತನ ಶ್ರೇಣಿಯನ್ನು ಹಿಡಿಯಬೇಕೆಂದು ಆದೇಶದಲ್ಲೇ ಬರೆದಿತ್ತು. ಗಡಿಗೆ ಒಡೆದರೂ ಕುಂಬಾರ ಊರಲ್ಲಿದ್ದ.

2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಬೇರೆ ರೀತಿ ಆಯಿತು. ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಸಮೂಹದ ಗಾರ್ಮೆಂಟ್ಸ್‌ನಿಂದ ಹೊಲಿಗೆ ಯಂತ್ರಗಳನ್ನು ಸಾಗಿಸಲು ಹೊರಟಾಗ ಸುಮಾರು 1,200 ಕಾರ್ಮಿಕರು, ಹೆಚ್ಚಿನವರು ಹೆಂಗಸರು, ಕಾರ್ಖಾನೆಯಲ್ಲೇ ಕೂತು ವಾರಗಟ್ಟಲೆ ಧರಣಿ ಮಾಡಿದರು. ಅವರು ಹೊಲಿದದ್ದು ಸ್ವೀಡನ್ನಿನ ಎಚ್ ಅಂಡ್ ಎಂ ಅಂಗಡಿಗಳಿಗೆ. ಅಂಗಡಿಯ ಆರ್ಡರು ಕಡಿಮೆಯಾಯಿತೆಂದು ಕಾರ್ಖಾನೆ, ಕಾರ್ಖಾನೆಯ ತೀರ್ಮಾನ ಕಾರ್ಖಾನೆಯದೆಂದು ಅಂಗಡಿ. ಹೀಗೆ ಪ್ರಧ್ವಂಸವೂ ಅನ್ಯೋನ್ಯಾಭಾವವೂ ಒಂದೇ ಗೇಟಿನಲ್ಲಿ ಸೇರಿದವು. ಈ ಸಂಕರ ಜಾತಿಗೆ ನಮ್ಮ ಹಳೆಯ ಗ್ರಂಥಗಳಲ್ಲಿ ಹೆಸರಿಲ್ಲ.

ಕಾರ್ಖಾನೆ ಹೋದ ಮೇಲೂ ಉಳಿಯುವ ಒಂದೇ ವಸ್ತು ಪಿ.ಎಫ್. ಅದನ್ನು 58 ವರ್ಷದ ತನಕ ಪೂರ್ತಿ ತೆಗೆಯುವಂತಿಲ್ಲ ಎಂದು ನಿಯಮ ಬಂದಾಗ, 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಯನ್ನೂ ತುಮಕೂರು ರಸ್ತೆಯನ್ನೂ ತುಂಬಿದರು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಎರಡನೆಯ ದಿನದ ಹೊತ್ತಿಗೆ ನಿಯಮ ಹಿಂದಕ್ಕೆ ಹೋಯಿತು. ಮೂವತ್ತೈದು ದಾಟಿದವಳನ್ನು ಲೈನಿನಲ್ಲಿ ಕೂರಿಸಿಕೊಳ್ಳಲು ಹಿಂದೆಮುಂದೆ ನೋಡುವ ಕಸುಬಿನಲ್ಲಿ ಐವತ್ತೆಂಟರವರೆಗೆ ಕಾಯಿರಿ ಎಂದವನಿಗೆ ಕಾಲವೆಂಬ ದ್ರವ್ಯದ ಅರಿವಿರಲಿಲ್ಲ.

ಅತ್ಯಂತಾಭಾವ

ಗಾಳಿಗೆ ಬಣ್ಣವಿಲ್ಲ, ನಿನ್ನೆ ಇರಲಿಲ್ಲ, ನಾಳೆಯೂ ಇರುವುದಿಲ್ಲ. ಮೂರು ಕಾಲದಲ್ಲೂ ಇಲ್ಲದ್ದು ಅತ್ಯಂತಾಭಾವ. ಮತ್ತೆ ತಿರುಮಣಿಗೇ ಬರಬೇಕು.

ಪಾವಗಡ ಎಂದರೆ ಬರ, ಫ್ಲೋರೈಡ್ ನೀರು, ಮೂರು ಕಡೆ ಆಂಧ್ರ, ನಡುವೆ ಶನಿಮಹಾತ್ಮ. ಅಂಥ ನೆಲವನ್ನು ಸರಕಾರ ಕಿತ್ತುಕೊಳ್ಳದೆ, ಕ್ರಯಕ್ಕೂ ಕೇಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆಗೆ ಹಿಡಿಯಿತು. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ. ಪಹಣಿ ರೈತನ ಹೆಸರಲ್ಲೇ ಉಳಿಯಿತು. ಮಳೆ ಕೈಕೊಟ್ಟ ವರ್ಷ ಕಡ್ಲೆಕಾಯಿ ಬಿತ್ತಿ ಸಾಲ ಕಿತ್ತವರಿಗೆ ಇದು ಸಣ್ಣ ಮಾತಲ್ಲ. ಭೂಸ್ವಾಧೀನದ ಇತಿಹಾಸದಲ್ಲಿ ಇದಕ್ಕಿಂತ ಮರ್ಯಾದೆಯ ವ್ಯವಸ್ಥೆಗಳು ಹೆಚ್ಚಿಲ್ಲ ಎಂದು ಒಪ್ಪಿಯೇ ಮುಂದಕ್ಕೆ ಹೋಗುತ್ತೇನೆ. (ತಿಂಗಳಿಗೆ ಭಾಗಿಸಿದರೆ ಎಕರೆಗೆ 1,750. ಇದೇ 21,000 ಎಂಬ ಅಂಕಿ ಇ.ಎಸ್.ಐ.ಯಲ್ಲೂ ಬರುತ್ತದೆ, ಅಲ್ಲಿ ಅದು ಕಾರ್ಮಿಕನ ತಿಂಗಳ ಸಂಬಳದ ಮಿತಿ. ಒಂದೇ ಸಂಖ್ಯೆ ಒಂದು ಕಡೆ ನೆಲದ ವರ್ಷ, ಇನ್ನೊಂದು ಕಡೆ ಮನುಷ್ಯನ ತಿಂಗಳು.)

ಬಾಡಿಗೆ ಪಹಣಿಯನ್ನು ಹುಡುಕಿಕೊಂಡು ಹೋಗುತ್ತದೆ. ಆ 13,000 ಎಕರೆಯಲ್ಲಿ ಕಳೆ ಕಿತ್ತವಳಿಗೆ, ಕಾಯಿ ಬಿಡಿಸಿದವಳಿಗೆ, ಬೀಳುನೆಲದಲ್ಲಿ ಕುರಿ ಮೇಯಿಸಿದವನಿಗೆ ಪಹಣಿ ಇಲ್ಲ. ಅವರ ಯಜಮಾನ ಯಾರಾಗಿದ್ದ? ಇವತ್ತು ಈ ಹೊಲದವನು, ನಾಳೆ ಆ ಹೊಲದವನು, ಮಳೆ ಬರದಿದ್ದರೆ ಯಾರೂ ಅಲ್ಲ. ಈಗ ಹೊಲದವನೇ ಬಾಡಿಗೆದಾರನ ಮಾಲೀಕನಾಗಿ ಜಗಲಿ ಮೇಲೆ ಕೂತ. ಹುಲ್ಲು ಕೀಳುವ ಕೆಲಸ ಕೆಲವರಿಗೆ ಸಿಕ್ಕಿತು, ಎಲ್ಲರಿಗೂ ಸಿಗುವಷ್ಟು ಹುಲ್ಲು ಫಲಕದಡಿ ಬೆಳೆಯುವುದಿಲ್ಲ. ಇವರು ನಷ್ಟವಾಯಿತೆಂದು ಅರ್ಜಿ ಬರೆದರೆ ಗುಮಾಸ್ತ ಕೇಳುವ ಮೊದಲ ಪ್ರಶ್ನೆ, ‘ನಿಮ್ಮದೇನು ಹೋಯಿತು?’ ನ್ಯಾಯಶಾಸ್ತ್ರದ ನಿಯಮವೂ ಅದೇ. ಅಭಾವ ಎನ್ನಬೇಕಾದರೆ ಅದಕ್ಕೊಂದು ಪ್ರತಿಯೋಗಿ ಬೇಕು. ಯಾವುದರ ಅಭಾವ ಎಂದು ಹೇಳಲು ಬರಬೇಕು. ಕಾಗದದಲ್ಲಿ ಎಂದೂ ಇಲ್ಲದ ಕೂಲಿಯ ಇಲ್ಲದಿರುವಿಕೆಯನ್ನು ಯಾವ ಕಾಲಂನಲ್ಲಿ ತುಂಬಿಸುವುದು? ಶನಿಮಹಾತ್ಮ ಹಿಡಿದರೂ ಏಳೂವರೆ ವರ್ಷಕ್ಕೆ ಬಿಡುತ್ತಾನೆ. ಗುತ್ತಿಗೆಯ ಅವಧಿ ಕಾಲು ಶತಮಾನಕ್ಕೆ ಕಡಿಮೆಯಿಲ್ಲ.

ಪ್ರಮಾಣವಿಚಾರ

ಯಜಮಾನನನ್ನು ಸಾಧಿಸಬೇಕಾದ ಭಾರ ಕೂಲಿಯವನ ಮೇಲೆ. ಪ್ರತ್ಯಕ್ಷ ನಡೆಯುವುದಿಲ್ಲ, ಗೇಟಿನಲ್ಲೇ ತಡೆಯುತ್ತಾರೆ, ತಡೆಯುವವನೂ ಗುತ್ತಿಗೆಯವನೇ. ಶಬ್ದಪ್ರಮಾಣ ಎಂದರೆ ಸೂಪರ್‌ವೈಸರ್ ಮಾತು: ‘ಸೋಮವಾರ ಹಾಕ್ತಾರಂತೆ.’ ಈ ‘ಅಂತೆ’ಗೆ ಕರ್ತೃವಿಲ್ಲ. ಉಳಿದದ್ದು ಅನುಮಾನ. ಹೊಗೆಯಿದ್ದಲ್ಲಿ ಬೆಂಕಿ, ಅಡುಗೆಮನೆಯ ಹಾಗೆ. ಪಿ.ಎಫ್. ಪಾಸ್‌ಬುಕ್ಕಿದ್ದಲ್ಲಿ ಕಂಪನಿ ಎಂದು ಹೊರಟರೆ ಅಲ್ಲಿರುವುದು ಏಜೆನ್ಸಿಯ ಹೆಸರು. ಹೊಗೆ ಮಧುಗಿರಿಯಲ್ಲಿ, ಬೆಂಕಿ ಬೆಂಗಳೂರಿನ ಯಾವುದೋ ಕಾಂಪ್ಲೆಕ್ಸಿನ ಎರಡನೆಯ ಮಹಡಿಯಲ್ಲಿ, ಹೋಗಿ ನೋಡಿದರೆ ಬೀಗ.

ಒಂದು ವಿಚಿತ್ರವಿದೆ. ದೊಡ್ಡ ಕಂಪನಿಗಳು ಲಾಭದಲ್ಲಿ ನೂರಕ್ಕೆ ಎರಡನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಆಗ ಶಾಲೆಯ ಗೋಡೆಗೆ ಬಣ್ಣ ಬರುತ್ತದೆ, ಶುದ್ಧ ನೀರಿನ ಘಟಕ ಬರುತ್ತದೆ, ಮೇಲೆ ಕಂಪನಿಯ ಪೂರ್ಣನಾಮಧೇಯ ಮೊಳದುದ್ದದ ಅಕ್ಷರದಲ್ಲಿ. ದಾನಪ್ರಕರಣದಲ್ಲಿ ಸುಲಭವಾಗಿ ಸಿಗುವ ಕರ್ತೃ ಬಟವಾಡೆಯ ಪ್ರಕರಣದಲ್ಲಿ ಏಕೆ ಸಿಗುವುದಿಲ್ಲ ಎಂಬುದಕ್ಕೆ ಸಮಾಧಾನ ಬಲ್ಲವರು ಬರೆದು ತಿಳಿಸಬೇಕು.

ಅಭಾವದ ಅಭಾವ

ಇಲ್ಲದಿರುವುದು ಇಲ್ಲದಂತಾದರೆ ಅದೇ ಇರುವಿಕೆ ಎಂದು ನೈಯಾಯಿಕರಲ್ಲಿ ಒಂದು ಮತ. ಈ ಮತವನ್ನು ಸುಪ್ರೀಂ ಕೋರ್ಟ್ 1974ರಲ್ಲಿ ಬೀಡಿಯ ವಿಷಯದಲ್ಲಿ ಎತ್ತಿಹಿಡಿಯಿತು. ಎಲೆ, ತಂಬಾಕು ಗುತ್ತಿಗೆದಾರ ಕೊಡುತ್ತಾನೆ, ಹೆಂಗಸು ಮನೆಯಲ್ಲಿ ಸುತ್ತುತ್ತಾಳೆ, ತಮಗೂ ಅವಳಿಗೂ ಏನು ಸಂಬಂಧ ಎಂದು ಬೀಡಿ ಮಾಲೀಕರು ವಾದಿಸಿದ್ದರು. ನಮ್ಮ ಮಂಗಳೂರು ಗಣೇಶ ಬೀಡಿಯವರೂ ಅರ್ಜಿದಾರರು. 1966ರ ಬೀಡಿ ಕಾರ್ಮಿಕರ ಕಾಯ್ದೆ ಸರಿಯಾಗಿದೆ, ನಡುವೆ ಎಷ್ಟು ಜನ ನಿಂತರೂ ಯಾರಿಗಾಗಿ ಬೀಡಿ ಸುತ್ತಲಾಯಿತೋ ಅವರೇ ಹೊಣೆ ಎಂದು ನ್ಯಾಯಾಲಯ ಹೇಳಿತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮುಖ್ಯ ಮಾಲೀಕ ಕೊಡಬೇಕು, ಕೊಟ್ಟು ಅವನಿಂದ ವಸೂಲು ಮಾಡಿಕೊಳ್ಳಬೇಕು ಎಂದು 1970ರ ಕಾಯ್ದೆಯಲ್ಲೂ ಇತ್ತು, ಹೊಸ ಸಂಹಿತೆಗಳಲ್ಲೂ ಇದೆ. ಕರ್ನಾಟಕವೇ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದು, ‘ನಾವು ಬರೀ ಆ್ಯಪು’ ಎನ್ನುವವರೂ ಪ್ರತಿ ಪಾವತಿಯ ಮೇಲೆ ಕಾರ್ಮಿಕರ ನಿಧಿಗೆ ಪಾಲು ಕಟ್ಟಬೇಕೆಂದಿತು. ಶಾಸ್ತ್ರ ಹೀಗೆ ಗಟ್ಟಿಯಾಗಿದೆ. ಶಾಸ್ತ್ರವನ್ನು ಬಸ್ ಸ್ಟ್ಯಾಂಡಿನ ಹುಡುಗನಿಗೆ ಹೇಳಿದ್ದರೆ, ‘ಯಾವ ಕಚೇರಿ, ಎಷ್ಟು ಗಂಟೆಗೆ, ಆವತ್ತಿನ ಕೂಲಿ ಯಾರು ಕೊಡ್ತಾರೆ’ ಎಂದು ಮೂರು ಪೂರ್ವಪಕ್ಷ ಹೂಡುತ್ತಿದ್ದ.

ಪರಿಶಿಷ್ಟ: ಸಾಮಯಿಕಾಭಾವ

ಕೆಲವು ಪ್ರಾಚೀನರು ಐದನೆಯದೊಂದನ್ನು ಒಪ್ಪುತ್ತಾರೆ. ನೆಲದ ಮೇಲಿದ್ದ ಗಡಿಗೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟರೆ ಸಾಮಯಿಕಾಭಾವ. ಮತ್ತೆ ತಂದಿಟ್ಟರೆ ಹೋಯಿತು. ನಮ್ಮ ಸೀಮೆಯಲ್ಲಿ ಇದು ತಲೆಕೆಳಗಾಗಿ ಕಾಣುತ್ತದೆ. ವರ್ಷವಿಡೀ ಇಲ್ಲದ ಯಜಮಾನ ಒಂದು ದಿನ ಮಾತ್ರ ಇರುತ್ತಾನೆ. ಅದು ಆಡಿಟ್ ದಿನ. ವಿದೇಶದ ಅಂಗಡಿಯವರು ಕಳಿಸಿದ ಇಬ್ಬರು ಪಟ್ಟಿ ಹಿಡಿದು ಬರುತ್ತಾರೆ. ಢಾಕಾ ಬಳಿಯ ರಾಣಾ ಪ್ಲಾಜಾ 2013ರ ಏಪ್ರಿಲ್ 24ರಂದು ಕುಸಿದು 1,134 ಜನ ಸತ್ತರಲ್ಲ, ಆ ಕಟ್ಟಡದ ಕೆಲವು ಕಾರ್ಖಾನೆಗಳಿಗೂ ಆಡಿಟ್ ಆಗಿತ್ತು.

ಕೊರಟಗೆರೆ ಕಡೆಯ ಒಬ್ಬ ಹೆಣ್ಣುಮಗಳು ಹನ್ನೊಂದು ವರ್ಷ ಗಾರ್ಮೆಂಟ್ಸ್‌ನಲ್ಲಿ ದುಡಿದವಳು. ಅವಳನ್ನು ಕೇಳಿದೆ, ಆಡಿಟ್ ದಿನ ಏನೇನಾಗುತ್ತಿತ್ತು ಎಂದು. ‘ಕೂಸಿನ ಮನೆ ಬೀಗ ತೆಗೀತಿದ್ರು ಕಣಣ್ಣ. ಗೊಂಬೆಗಳ ಪ್ಲಾಸ್ಟಿಕ್ ಕವರ್ ಹಾಗೇ ಇರೋದು, ಬಿಚ್ಚಬೇಡಿ ಅಂತ ಮೊದ್ಲೇ ಹೇಳಿರೋರು. ಎಷ್ಟೊತ್ತಿಗಾದ್ರೂ ಬಾತ್‌ರೂಮಿಗೆ ಹೋಗ್ಬೋದು, ಯಾರೂ ಟೋಕನ್ ಕೇಳ್ತಿರ್ಲಿಲ್ಲ. ಮೆಗಾಫೋನಿನ ಬಾಯಿಗೆ ಬಟ್ಟೆ ಕಟ್ಟಿ ಸ್ಟೋರಲ್ಲಿಡೋರು.’ ಸ್ವಲ್ಪ ಹೊತ್ತು ಯೋಚಿಸಿ ಸೇರಿಸಿದಳು: ‘ಮಧ್ಯಾಹ್ನ ಮಜ್ಜಿಗೆ ಕೊಡೋರು. ಅದಕ್ಕೆ ಕೊತ್ತಂಬರಿ ಬೇರೆ ಹಾಕಿರೋರು.’